ಅಂಡಮಾನ್‌ನಲ್ಲಿ ಕಡಲಾಮೆ ನೋಡೋಕೆ ಹೋಗೋರಿಗೆ: ಅದಕ್ಕೆ ತೊಂದ್ರೆ ಆಗದ ಹಾಗೆ ನೋಡೋದು ಹೇಗೆ, ಮೊದಲಿಂದ ಕೊನೆವರೆಗೂ

ಬೆಂಗಳೂರಿಂದ ಅಂಡಮಾನ್‌ಗೆ ನೇರ ಫ್ಲೈಟ್ ಇರೋದ್ರಿಂದ ನಮ್ಮ ಕಡೆಯಿಂದ ಹೋಗೋರು ಈಗ ತುಂಬಾ ಜನ. ಹೋದೋರು ಸೆಲ್ಯುಲಾರ್ ಜೈಲು, ರಾಧಾನಗರ್ ಬೀಚು, ಒಂದು ಸ್ಕೂಬಾ ಫೋಟೋ ಅಂತ ಮುಗಿಸ್ಕೊಂಡು ವಾಪಸ್ ಬರ್ತಾರೆ, ಅದೇ ದ್ವೀಪಗಳಲ್ಲಿ ನಾಲ್ಕು ಜಾತಿ ಕಡಲಾಮೆ ಮೊಟ್ಟೆ ಇಡೋಕೆ ದಡಕ್ಕೆ ಬರ್ತವೆ ಅನ್ನೋದು ಹೆಚ್ಚಿನವರಿಗೆ ಗೊತ್ತೇ ಇರಲ್ಲ. ಗೊತ್ತಿರೋರಲ್ಲೂ ಕೆಲವರು ಆಮೆ ಹಿಂದೆ ಬಿದ್ದು ಈಜೋದು, ಚಿಪ್ಪು ಮುಟ್ಟೋದು, ರಾತ್ರಿ ಟಾರ್ಚ್ ಬೆಳಕು ಬಿಟ್ಟು ವಿಡಿಯೋ ಮಾಡೋದು ಇದನ್ನೇ ಆಮೆ ನೋಡೋದು ಅನ್ಕೊಂಡಿದಾರೆ. ಅದಕ್ಕೆ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಎಲ್ಲಾ ಒಂದೇ ಕಡೆ ಬರೀತಿದೀನಿ.

ಇದಕ್ಕೆಲ್ಲ ನಾನು ಇಟ್ಕೊಂಡಿರೋ ಅಳತೆ ಒಂದೇ. ನೀವು ಬಂದಿದೀರ ಅಂತ ಆಮೆ ತಾನು ಮಾಡ್ತಿದ್ದ ಕೆಲಸ ನಿಲ್ಲಿಸಬಾರದು. ಮೇಯ್ತಿದ್ರೆ ಮೇಯ್ತಾನೇ ಇರಬೇಕು, ಉಸಿರಿಗೆ ಮೇಲೆ ಬಂದಿದ್ರೆ ನಿಧಾನಕ್ಕೆ ಉಸಿರು ತಗೊಂಡು ಕೆಳಗೆ ಹೋಗ್ಬೇಕು, ಮೊಟ್ಟೆ ಇಡೋಕೆ ಬಂದಿದ್ರೆ ಇಟ್ಟೇ ಹೋಗ್ಬೇಕು. ನಿಮ್ಮಿಂದ ಅದು ದಾರಿ ಬದಲಿಸ್ತು ಅಂದ್ರೆ ನೀವು ಜಾಸ್ತಿ ಹತ್ತಿರ ಹೋಗಿದೀರ ಅಂತ ಅರ್ಥ, ಮೀಟರ್ ಲೆಕ್ಕ ಏನೇ ಇರ್ಲಿ.

ಹಂತ 1: ಹಗಲಲ್ಲಿ ನೋಡ್ಬೇಕಾ, ರಾತ್ರಿ ನೋಡ್ಬೇಕಾ

ಟಿಕೆಟ್ ಬುಕ್ ಮಾಡೋಕೆ ಮುಂಚೆನೇ ಇದನ್ನ ತೀರ್ಮಾನ ಮಾಡ್ಕೊಳ್ಳಿ, ಯಾಕಂದ್ರೆ ಎರಡಕ್ಕೂ ಜಾಗ ಬೇರೆ, ತಯಾರಿನೂ ಬೇರೆ. ಹಗಲು ಅಂದ್ರೆ ನೀರಲ್ಲಿ, ಆಮೆ ಕಡಲ ಹುಲ್ಲು ಮೇಯ್ತಾ ಅಥವಾ ಹವಳದ ಸಂದಿಯಲ್ಲಿ ಆಹಾರ ಹುಡುಕ್ತಾ ಇರತ್ತೆ, ನೀವು ಸ್ನಾರ್ಕೆಲ್ (ನೀರಲ್ಲಿ ಮುಖ ಇಟ್ಕೊಂಡೇ ಉಸಿರಾಡೋ ಕೊಳವೆ) ಹಾಕ್ಕೊಂಡು ಮೇಲಿಂದ ನೋಡ್ತೀರ. ರಾತ್ರಿ ಅಂದ್ರೆ ದಡದಲ್ಲಿ, ಹೆಣ್ಣಾಮೆ ಮರಳು ಹತ್ತಿ ಬಂದು ಗುಂಡಿ ತೋಡಿ ಮೊಟ್ಟೆ ಇಡೋದು.

ಹಗಲಿಗೆ ನೀಲ್ ದ್ವೀಪ ಒಳ್ಳೇದು, 2018ರ ಕೊನೆಯಿಂದ ಅದರ ಅಧಿಕೃತ ಹೆಸರು ಶಹೀದ್ ದ್ವೀಪ್. ಅಲ್ಲಿ ದಡದ ಹತ್ತಿರಾನೇ ಕಡಲ ಹುಲ್ಲಿನ ಬಯಲು ಇದೆ, ಅದನ್ನ ಮೇಯೋಕೆ ಹಸಿರು ಕಡಲಾಮೆ ಬರತ್ತೆ, ಹವಳ ಇರೋ ಕಡೆ ಹಾಕ್ಸ್‌ಬಿಲ್ ಅನ್ನೋ ಇನ್ನೊಂದು ಜಾತಿ ಆಮೆ ಸಿಗತ್ತೆ. ಸಮುದ್ರ ಶಾಂತವಾಗಿ ನೀರು ತಿಳಿಯಾಗಿರೋದು ಹೆಚ್ಚುಕಮ್ಮಿ ಡಿಸೆಂಬರಿಂದ ಏಪ್ರಿಲ್ ತನಕ, ಮಳೆಗಾಲದಲ್ಲಿ ಅಲೆ ಜೋರು.

ರಾತ್ರಿಗೆ ಉತ್ತರ ಅಂಡಮಾನ್‌ನ ಡಿಗ್ಲಿಪುರ ಹತ್ತಿರದ ಕಾಲಿಪುರ್ ಬೀಚ್. ಆಲಿವ್ ರಿಡ್ಲೆ, ಹಸಿರು ಆಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್ ನಾಲ್ಕೂ ಬಂದಿರೋ ದಡ ಅದು, ಆದ್ರೆ ನಿಮಗೆ ಕಾಣೋ ಸಾಧ್ಯತೆ ಜಾಸ್ತಿ ಇರೋದು ಆಲಿವ್ ರಿಡ್ಲೆ, ಅದೂ ಡಿಸೆಂಬರ್‌ನಿಂದ ಫೆಬ್ರವರಿ ಆಸುಪಾಸು. ರಂಗತ್ ಹತ್ತಿರ ಧನಿನಲ್ಲಾ, ಕತ್‌ಬರ್ಟ್ ಬೇ ಕಡೆನೂ ಮೊಟ್ಟೆ ಇಡ್ತವೆ. ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯ ಪುರಂ) ಡಿಗ್ಲಿಪುರಕ್ಕೆ ರಸ್ತೆಯಲ್ಲಿ ಹೆಚ್ಚುಕಮ್ಮಿ ಇಡೀ ದಿನ ಹೋಗತ್ತೆ. ದಾರಿ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನೊಳಗಿಂದ ಹಾದು ಹೋಗತ್ತೆ, ಅಲ್ಲಿ ವಾಹನಗಳನ್ನ ಗುಂಪಾಗಿ ಬಿಡ್ತಾರೆ, ಗಾಡಿ ನಿಲ್ಲಿಸೋದು, ಅವರ ಫೋಟೋ ತೆಗೆಯೋದು, ತಿಂಡಿ ಕೊಡೋದು ಎಲ್ಲಾ ಅಪರಾಧ. ಇಷ್ಟು ದೂರ ಹೋಗಿ ಒಂದೇ ರಾತ್ರಿ ಇದ್ದು ಬರೋ ಪ್ಲಾನ್ ಮಾಡ್ಬೇಡಿ, ಕನಿಷ್ಠ ಮೂರು ರಾತ್ರಿ ಇಡಿ. ಆಮೆ ಬರದೇ ಇದ್ರೆ ಹಗಲು ಖಾಲಿ ಹೋಗಲ್ಲ, ಮರಳಿನ ಪಟ್ಟಿಯಿಂದ ಒಂದಕ್ಕೊಂದು ಸೇರ್ಕೊಂಡಿರೋ ರಾಸ್ ಮತ್ತು ಸ್ಮಿತ್ ದ್ವೀಪ ಇದೆ, 732 ಮೀಟರ್ ಎತ್ತರದ ಸ್ಯಾಡಲ್ ಪೀಕ್ ಇದೆ.

ಲೆದರ್‌ಬ್ಯಾಕ್ ನೋಡ್ಲೇಬೇಕು ಅಂತ ಆಸೆ ಇಟ್ಕೊಂಡು ಹೋಗ್ಬೇಡಿ. ಪ್ರಪಂಚದಲ್ಲೇ ದೊಡ್ಡ ಕಡಲಾಮೆ ಅದು, ಚಿಪ್ಪಿನ ಬದಲು ಗಟ್ಟಿ ಚರ್ಮದ ಬೆನ್ನು, ಸಾವಿರ ಮೀಟರ್‌ಗಿಂತ ಆಳಕ್ಕೆ ಮುಳುಗತ್ತೆ. ಅದು ಚೆನ್ನಾಗಿ ಬರೋದು ಲಿಟಲ್ ಅಂಡಮಾನ್ ಮತ್ತು ಗ್ರೇಟ್ ನಿಕೋಬಾರ್‌ನ ದಡಗಳಿಗೆ, ಟೂರಿಸ್ಟ್‌ಗಳು ಸುಮ್ಮನೆ ಹೋಗಿ ಕೂರೋ ಜಾಗ ಅಲ್ಲ ಅವು. ಲಿಟಲ್ ಅಂಡಮಾನ್‌ನಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿ ಮತ್ತು ದಕ್ಷಿಣ್ ಫೌಂಡೇಶನ್‌ನವರು ವರ್ಷಗಳಿಂದ ಕೂತು ಲೆಕ್ಕ ಇಡ್ತಿದಾರೆ. ಅಲ್ಲಿ ಸ್ಯಾಟಲೈಟ್ ಟ್ಯಾಗ್ ಹಾಕಿ ಬಿಟ್ಟ ಆಮೆಗಳಲ್ಲಿ ಕೆಲವು ಪಶ್ಚಿಮ ಆಸ್ಟ್ರೇಲಿಯಾ ಕಡೆ ಹೋದ್ರೆ ಕೆಲವು ಉಲ್ಟಾ ದಿಕ್ಕಲ್ಲಿ ಆಫ್ರಿಕಾದ ಮೊಜಾಂಬಿಕ್ ತನಕ ಹೋಗಿವೆ. ಒಂದೇ ದಡದಲ್ಲಿ ಮೊಟ್ಟೆ ಇಟ್ಟ ಆಮೆಗಳು ಒಂದು ಮಹಾಸಾಗರದ ಎರಡು ತುದಿಗೆ! ಈ ವಿಷಯ ಮಕ್ಕಳಿಗೆ ಮ್ಯಾಪ್ ಇಟ್ಕೊಂಡು ತೋರಿಸಿ, ಖಂಡಿತ ಇಷ್ಟ ಆಗತ್ತೆ.

ಹಗಲಲ್ಲಿ ಹಸಿರು ಆಮೆ ನೋಡಿದ್ರೆ ಸಾಕು ಅನ್ನೋರಿಗೆ ಲಕ್ಷದ್ವೀಪದ ಅಗತ್ತಿ, ಕಡ್ಮತ್ ಲಗೂನ್‌ಗಳೂ ಒಳ್ಳೇದು, ಆದ್ರೆ ಅಲ್ಲಿಗೆ ಭಾರತೀಯರಿಗೂ ಪರ್ಮಿಟ್ ಬೇಕು. ಅಲ್ಲಿ ಒಂದು ವಿಚಿತ್ರ ಸಮಸ್ಯೆ ಬಂತು. ಆಮೆಗಳು ಜಾಸ್ತಿ ಆಗಿ ಅಗತ್ತಿ ಲಗೂನ್‌ನ ಕಡಲ ಹುಲ್ಲನ್ನೆಲ್ಲ ಮೇಯ್ದು ಬೇರೆ ದ್ವೀಪಗಳ ಕಡೆ ಹೋದ್ವು, ಹುಲ್ಲು ಹೋದ್ಮೇಲೆ ಅದರಲ್ಲಿ ಮರಿ ಮಾಡ್ತಿದ್ದ ಮೀನೂ ಕಡಿಮೆ ಆಯ್ತು ಅಂತ ಮೀನುಗಾರರಿಗೆ ಬೇಜಾರು. ಹಾಗಾಗಿ ಊರಿನವರು ಆಮೆ ಬಗ್ಗೆ ಸಿಟ್ಟಲ್ಲಿ ಮಾತಾಡಿದ್ರೆ ಅವರಿಗೆ ಪಾಠ ಹೇಳೋಕೆ ಹೋಗ್ಬೇಡಿ, ಅವರ ಮಾತಲ್ಲಿ ಸತ್ಯ ಇದೆ, ಕೂತು ಕೇಳಿ.

ಹಂತ 2: ಬುಕ್ ಮಾಡೋಕೆ ಮುಂಚೆ ಫೋನಲ್ಲಿ ಕೇಳಿ

ಇಲ್ಲಿ ಹತ್ತು ನಿಮಿಷ ಖರ್ಚು ಮಾಡಿದ್ರೆ ಮುಂದೆ ಅರ್ಧ ಕೆಲಸ ಮುಗಿದ ಹಾಗೆ. ಸ್ನಾರ್ಕ್ಲಿಂಗ್ ಮಾಡಿಸೋರನ್ನ ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ? ಆಮೆ ಕಂಡ್ರೆ ಏನು ಮಾಡ್ತೀರ? ಬೋಟ್ ಲಂಗರು ಎಲ್ಲಿ ಹಾಕ್ತೀರ? "ಆಮೆ ಮುಟ್ಟಿಸ್ತೀವಿ ಸಾರ್, ಹಿಡ್ಕೊಂಡು ಫೋಟೋ ತೆಗೆಸ್ತೀವಿ" ಅಂದ್ರೆ ಅಲ್ಲಿಗೇ ಮುಗೀತು, ಬೇರೆಯವರನ್ನ ಹುಡುಕಿ. "ಕಂಡ್ರೆ ಅದೃಷ್ಟ ಮೇಡಂ, ಗ್ಯಾರಂಟಿ ಕೊಡೋಕಾಗಲ್ಲ" ಅನ್ನೋರೇ ನಂಬಿಕಸ್ತರು.

ದಡದ ಹತ್ತಿರ ರೂಮ್ ತಗೊಳ್ಳೋದಾದ್ರೆ ರಾತ್ರಿ ಸಮುದ್ರದ ಕಡೆ ಲೈಟ್ ಹಾಕಿರ್ತಾರಾ ಅಂತ ಕೇಳಿ. ಆಮೆ ಮರಿ ಗೂಡಿಂದ ಹೊರಗೆ ಬಂದ ತಕ್ಷಣ ಎಲ್ಲಿ ಬೆಳಕು ಜಾಸ್ತಿ ಇದ್ಯೋ ಆ ಕಡೆ ಓಡತ್ತೆ, ಕತ್ತಲಿರೋ ದಡದಲ್ಲಿ ಅದು ಸಮುದ್ರದ ಮೇಲಿನ ಆಕಾಶ, ರೆಸಾರ್ಟ್ ಇರೋ ದಡದಲ್ಲಿ ಅದು ಊಟದ ಹಾಲ್‌ನ ಬಲ್ಬು. ಬಲ್ಬಿನ ಕಡೆ ಹೋದ ಮರಿ ನಾಯಿ ಬಾಯಿಗೋ ಕಾಗೆ ಬಾಯಿಗೋ ಸಿಗತ್ತೆ, ಇಲ್ಲಾಂದ್ರೆ ಬೆಳಿಗ್ಗೆ ಬಿಸಿಲಿಗೆ ಒಣಗತ್ತೆ. ಲೈಟ್ ಆರಿಸಿ ಅಂತ ಗೆಸ್ಟ್‌ಗಳೇ ಕೇಳೋಕೆ ಶುರು ಮಾಡಿದ್ರೆ ಮಾಲೀಕರೂ ಕೇಳ್ತಾರೆ. ನಿಮ್ಮ ರೂಮಿನ ಪರದೆನೂ ಎಳೀರಿ.

ಕಾಲಿಪುರ್‌ನಲ್ಲಿ ರಾತ್ರಿ ನೋಡೋಕೆ ಅರಣ್ಯ ಇಲಾಖೆಯವರನ್ನ ಮೊದಲೇ ವಿಚಾರಿಸಿ. ಅವರು ದಡದಲ್ಲಿ ಗಸ್ತು ಮಾಡಿ ಮೊಟ್ಟೆಗಳನ್ನ ಹ್ಯಾಚರಿಗೆ (ಮೊಟ್ಟೆ ಹೂಳಿಟ್ಟು ಮರಿ ಆಗೋ ತನಕ ಕಾಯೋ ಜಾಗ) ತಗೊಂಡು ಹೋಗ್ತಾರೆ, ಯಾಕಂದ್ರೆ ಬೀದಿ ನಾಯಿ, ಹಂದಿ, ಉಡ ಎಲ್ಲಾ ಗೂಡು ಬಗೆದು ತಿನ್ನತ್ತೆ. ಅವರ ಜೊತೆ, ಅವರು ಒಪ್ಪಿದ್ರೆ ಮಾತ್ರ ಹೋಗಿ. ನೀವೇ ಟಾರ್ಚ್ ಹಿಡ್ಕೊಂಡು ಹೊರಡೋದು ಬೇಡ, ಅದಕ್ಕೆ ಇನ್ನೊಂದು ಕಾರಣನೂ ಇದೆ: ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇದೆ. ಹಳ್ಳ ಸಮುದ್ರ ಸೇರೋ ಬಾಯಿ, ಮ್ಯಾಂಗ್ರೋವ್ ಅಂಚು ಇಂಥ ಕಡೆ ಕತ್ತಲಲ್ಲಿ ನಡೆಯೋದು ಜೀವಕ್ಕೇ ಅಪಾಯ. ಮೊಸಳೆ ಬೋರ್ಡ್ ಹಾಕಿರೋ ಬೀಚಲ್ಲಿ ಹಗಲಲ್ಲೂ ನೀರಿಗೆ ಇಳೀಬೇಡಿ.

ಹಂತ 3: ಬ್ಯಾಗಲ್ಲಿ ಏನಿರಬೇಕು

ಉದ್ದ ತೋಳಿನ ರ‍್ಯಾಶ್ ಗಾರ್ಡ್ (ನೀರಲ್ಲಿ ಹಾಕೋ ಮೈಗಂಟೋ ಅಂಗಿ) ಒಂದು ತಗೊಳ್ಳಿ, ಬೆನ್ನು ಕತ್ತಿಗೆಲ್ಲ ಸನ್‌ಸ್ಕ್ರೀನ್ ಬಳಿಯೋ ಅಗತ್ಯನೇ ಇರಲ್ಲ. ಮುಖಕ್ಕೆ ಹಚ್ಚಲೇಬೇಕು ಅಂದ್ರೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇಲ್ಲದ, ಜಿಂಕ್ ಆಕ್ಸೈಡ್ ಇರೋದನ್ನ ನೋಡಿ ತಗೊಳ್ಳಿ. ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಆ ಎರಡೂ ಇರೋ ಸನ್‌ಸ್ಕ್ರೀನ್ ಮಾರಾಟನೇ ನಿಲ್ಲಿಸಿದಾರೆ. ಅಳತೆಗೆ ಸರಿಯಾದ ಸ್ವಂತ ಮಾಸ್ಕ್ ಇದ್ರೆ ಉತ್ತಮ. ಬಾಡಿಗೆ ಮಾಸ್ಕ್‌ನಲ್ಲಿ ನೀರು ನುಗ್ಗಿ ಗಾಬರಿ ಆದಾಗ್ಲೇ ಜನ ಹವಳದ ಮೇಲೆ ಕಾಲೂರೋದು.

ರಾತ್ರಿಗೆ ಕಪ್ಪು ಅಥವಾ ಕಡುಬಣ್ಣದ ಬಟ್ಟೆ, ಮೈ ಪೂರ್ತಿ ಮುಚ್ಚೋ ಹಾಗೆ, ಮರಳು ನೊಣ ಕಚ್ಚಿದ್ರೆ ದಿನಗಟ್ಟಲೆ ಕೆರೆಯತ್ತೆ. ಕೆಂಪು ಬೆಳಕಿನ ಹೆಡ್ ಟಾರ್ಚ್ ಇದ್ರೆ ತಗೊಳ್ಳಿ, ಇಲ್ದಿದ್ರೆ ಟಾರ್ಚಿನ ಬಾಯಿಗೆ ಕೆಂಪು ಸೆಲೋಫೇನ್ ಕಾಗದ ಎರಡು ಪದರ ಕಟ್ಟಿ. ಆಮೆ ಕಣ್ಣಿಗೆ ಕೆಂಪು ಅಷ್ಟಾಗಿ ಕಾಣಲ್ಲ. ನೀರಿಗೆ ಸ್ಟೀಲ್ ಬಾಟಲ್. ವಂಡೂರ್‌ನಿಂದ ಹೋಗೋ ಜಾಲಿ ಬಾಯ್ ದ್ವೀಪದಲ್ಲಂತೂ ಪ್ಲಾಸ್ಟಿಕ್ ತರೋ ಹಾಗೇ ಇಲ್ಲ, ಬ್ಯಾಗ್ ಚೆಕ್ ಮಾಡಿನೇ ಬಿಡ್ತಾರೆ.

ಈಜು ಬರದೇ ಇರೋರು ಹೋಗೋಕೆ ಒಂದು ತಿಂಗಳು ಮುಂಚೆ ಊರಲ್ಲೇ ಈಜುಕೊಳದಲ್ಲಿ ಸ್ನಾರ್ಕೆಲ್ ಬಾಯಿಗೆ ಹಾಕ್ಕೊಂಡು ಉಸಿರಾಡೋದು ಅಭ್ಯಾಸ ಮಾಡಿ. ಅದೂ ಬೇಡ ಅಂದ್ರೆ ಗಾಜಿನ ತಳದ ಬೋಟ್ ಇದೆ, ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರಿಗೆ ಅದೇ ಸರಿ.

ಹಂತ 4: ನೀರಿಗಿಳಿದ ಮೇಲೆ

ಲೈಫ್ ಜಾಕೆಟ್ ಹಾಕ್ಕೊಂಡು ಮಟ್ಟಸವಾಗಿ ಮಲಗಿ ತೇಲಿ. ಕಾಲು ಕೆಳಗೆ ಬಿಟ್ರೆ ಫಿನ್ಸ್ (ಈಜೋಕೆ ಕಾಲಿಗೆ ಹಾಕೋ ರಬ್ಬರ್ ರೆಕ್ಕೆ) ಹವಳ ಮುರಿಯತ್ತೆ, ಹುಲ್ಲಿನ ಮೇಲೆ ಮಣ್ಣು ಎಬ್ಬಿಸತ್ತೆ. ಮೊದಲ ಐದು ನಿಮಿಷ ಎಲ್ಲೂ ಹೋಗ್ಬೇಡಿ, ಉಸಿರು ಸಮ ಆಗ್ಲಿ, ಕಣ್ಣು ಹೊಂದಿಕೊಳ್ಳಲಿ.

ಆಮೆ ಕಂಡ್ರೆ ಕನಿಷ್ಠ 3 ಮೀಟರ್, ಸಾಧ್ಯ ಆದ್ರೆ 5 ಮೀಟರ್ ದೂರ ಇರಿ. ಪಕ್ಕದಿಂದ ನೋಡಿ, ಹಿಂದಿನಿಂದ ಹೋದ್ರೆ ಬೇಟೆ ಪ್ರಾಣಿ ಅಟ್ಟಿಸ್ಕೊಂಡು ಬಂದ ಹಾಗೆ ಅದಕ್ಕೆ, ಮುಂದೆ ಹೋದ್ರೆ ದಾರಿ ಕಟ್ಟಿದ ಹಾಗೆ. ಅದರ ನೆತ್ತಿ ಮೇಲೆ ತೇಲೋದಂತೂ ಎಲ್ಲಕ್ಕಿಂತ ಕೆಟ್ಟದ್ದು, ಇದನ್ನ ಬಹಳ ಜನ ಗೊತ್ತಿಲ್ಲದೆ ಮಾಡ್ತಾರೆ. ಆಮೆಗೆ ಕಿವಿರು ಇಲ್ಲ, ನಮ್ಮ ಹಾಗೆ ಶ್ವಾಸಕೋಶ. ಆರಾಮಾಗಿ ಮಲಗಿದ್ರೆ ಗಂಟೆಗಟ್ಟಲೆ ಕೆಳಗೇ ಇರಬಲ್ಲದು, ಆದ್ರೆ ಓಡಾಡ್ತಾ ಮೇಯ್ತಾ ಇದ್ದಾಗ ಕೆಲವು ನಿಮಿಷಕ್ಕೊಮ್ಮೆ ಮೇಲೆ ಬರ್ಬೇಕು, ಹೆದರಿ ಜೋರಾಗಿ ಈಜಿದ್ರೆ ಇನ್ನೂ ಬೇಗ ಉಸಿರು ಬೇಕಾಗತ್ತೆ. ಆ ಹೊತ್ತಲ್ಲಿ ಮೇಲೆ ಎಂಟು ಜನ ಕಾಲು ಬಡೀತಾ ಇದ್ರೆ ಅದು ಎಲ್ಲಿಗೆ ಬರ್ಬೇಕು? ಅದು ತಲೆ ಎತ್ತಿ ಮೇಲಕ್ಕೆ ಹೊರಟ ತಕ್ಷಣ ನೀವು ಪಕ್ಕಕ್ಕೆ ಸರಿದು ಜಾಗ ಬಿಡಿ. ನಿಶ್ಚಲವಾಗಿದ್ರೆ ಕೆಲವು ಸಲ ಅದೇ ನಿಮ್ಮ ಪಕ್ಕದಲ್ಲೇ ಬಂದು ಉಸಿರು ಬಿಡತ್ತೆ, ಆ ಸದ್ದು ಕಿವಿಗೆ ಕೇಳತ್ತೆ, ಆಗ ಕೈಕಾಲು ಅಲ್ಲಾಡಿಸದೆ ಸುಮ್ನೆ ಇದ್ಬಿಡಿ.

ಮೇಯೋದು ನಿಲ್ಲಿಸಿ ತಲೆ ಎತ್ತಿತು, ಮುಂದಿನ ರೆಕ್ಕೆ ಜೋರಾಗಿ ಬಡೀತು, ಸಟಕ್ಕಂತ ದಿಕ್ಕು ಬದಲಿಸ್ತು, ಇದರಲ್ಲಿ ಯಾವುದು ಆದ್ರೂ ನೀವು ಹಿಂದಕ್ಕೆ ಸರೀಬೇಕು. ಹೊರಟ ಆಮೆ ಹಿಂದೆ ಹೋಗ್ಬೇಡಿ. ಒಂದು ಆಮೆ ಹತ್ರ ಮೂರು ನಾಲ್ಕು ಜನ ಸಾಕು, ಆಗ್ಲೇ ಗುಂಪು ಇದ್ರೆ ಕಾಯಿರಿ. ಹತ್ತು ಹದಿನೈದು ನಿಮಿಷ ನೋಡಿ ಬಿಟ್ಟುಬಿಡಿ.

ಏನೂ ತಿನ್ನಿಸ್ಬೇಡಿ. ಶ್ರೀಲಂಕಾದ ಹಿಕ್ಕಡುವಾ ಬೀಚಲ್ಲಿ ಟೂರಿಸ್ಟ್‌ಗಳು ಪಾಚಿ ಕೈಯಲ್ಲಿ ಹಿಡಿದು ಹಸಿರು ಆಮೆಗಳನ್ನ ದಡದ ತನಕ ಕರೆಯೋದನ್ನ ವಿಡಿಯೋದಲ್ಲಿ ನೋಡಿರ್ತೀರ. ಮನುಷ್ಯನ ಕೈ ಅಂದ್ರೆ ಊಟ ಅಂತ ಕಲಿತ ಆಮೆ ಬೋಟ್ ಹತ್ರನೂ ಅದೇ ನಂಬಿಕೆಯಲ್ಲಿ ಬರತ್ತೆ, ಬೋಟಿಗೆ ಪ್ರೊಪೆಲ್ಲರ್ ಇರತ್ತೆ. ಅದಕ್ಕೇ ಹುಲ್ಲಿನ ಬಯಲ ಮೇಲೆ ಹೋಗುವಾಗ "ಅಣ್ಣಾ, ಸ್ವಲ್ಪ ನಿಧಾನ" ಅಂತ ಬೋಟಿನವರಿಗೆ ಹೇಳಿ, ಹಿಂದಿಯಲ್ಲೋ ಬಂಗಾಳಿಯಲ್ಲೋ ತಮಿಳಲ್ಲೋ, ಅಲ್ಲಿ ಎಲ್ಲಾ ನಡೆಯತ್ತೆ.

ಹಸಿರು ಆಮೆನಾ ಹಾಕ್ಸ್‌ಬಿಲ್ಲಾ ಅಂತ ತಿಳಿಯೋಕೆ ಮುಖ ನೋಡಿ. ಹಸಿರು ಆಮೆಗೆ ಮೂತಿ ಗುಂಡಗೆ, ಕಣ್ಣುಗಳ ನಡುವೆ ಒಂದು ಜೊತೆ ದೊಡ್ಡ ಹುರುಪೆ. ಹಾಕ್ಸ್‌ಬಿಲ್‌ಗೆ ಗಿಡುಗನ ಕೊಕ್ಕಿನ ಥರ ಚೂಪು ಮೂತಿ, ಎರಡು ಜೊತೆ ಹುರುಪೆ, ಚಿಪ್ಪಿನ ಪದರ ಒಂದರ ಮೇಲೊಂದು ಕೂತಿರತ್ತೆ. ಕೆನ್ನೆ ಮೇಲಿನ ಹುರುಪೆ ವಿನ್ಯಾಸ ಒಂದೊಂದು ಆಮೆಗೂ ಬೇರೆ ಬೇರೆ, ಸಂಶೋಧಕರು ಅದರಿಂದಲೇ ಆಮೆ ಗುರುತು ಹಿಡೀತಾರೆ, ಹಾಗಾಗಿ ಪಕ್ಕದಿಂದ ದೂರದಲ್ಲೇ ತೆಗೆದ ಮುಖದ ಫೋಟೋ ನಿಜವಾಗ್ಲೂ ಉಪಯೋಗಕ್ಕೆ ಬರತ್ತೆ.

ಹಂತ 5: ರಾತ್ರಿ ದಡದಲ್ಲಿ

ಇದನ್ನ ನಿಧಾನಕ್ಕೆ ಓದಿ, ತಪ್ಪಾದ್ರೆ ಸರಿ ಮಾಡೋಕಾಗದೇ ಇರೋದು ಇಲ್ಲೇ.

ಮಕ್ಕಳ ವಿಷಯ ಮೊದಲು. ಎರಡು ಮೂರು ಗಂಟೆ ಕತ್ತಲಲ್ಲಿ, ಮೊಬೈಲ್ ಇಲ್ಲದೆ, ಮಾತಾಡದೆ ಕೂರೋಕೆ ಆಗತ್ತಾ ಅಂತ ಯೋಚಿಸಿ. ತೀರಾ ಚಿಕ್ಕೋರನ್ನ ಬಿಟ್ಟು ಹೋಗೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಆಮೆ ನೀರಿಂದ ಹೊರಗೆ ಬರೋ ಹೊತ್ತು ಅತಿ ಸೂಕ್ಷ್ಮ. ಆಗ ಒಂದು ಬೆಳಕು, ಒಂದು ನೆರಳು ಅಲ್ಲಾಡಿದ್ರೂ ಅದು ಮೊಟ್ಟೆ ಇಡದೆ ತಿರುಗಿ ಸಮುದ್ರಕ್ಕೆ ಹೋಗಿಬಿಡತ್ತೆ. ಹಾಗಾಗಿ ಎಲ್ಲಾ ಟಾರ್ಚ್ ಆಫ್, ಕೂತಲ್ಲೇ ಕೂರಬೇಕು, ಗಾರ್ಡ್ ಮಾತ್ರ ಮುಂದೆ ಹೋಗಿ ನೋಡ್ಕೊಂಡು ಬರ್ತಾರೆ. ಅದು ಮೇಲೆ ಬಂದು ಜಾಗ ಹುಡುಕಿ, ಮೈ ಅಗಲಕ್ಕೆ ಮರಳು ಸರಿಸಿ, ಆಮೇಲೆ ಹಿಂಗಾಲಿನಿಂದ ಒಂದೊಂದೇ ಹಿಡಿ ಮರಳು ಎತ್ತಿ ಹಾಕ್ತಾ ಹೂಜಿ ಆಕಾರದ ಗುಂಡಿ ತೋಡತ್ತೆ. ಕಾಣದೇ ಇರೋ ಜಾಗದಲ್ಲಿ ಅಷ್ಟು ನಾಜೂಕಾಗಿ ಆ ದಪ್ಪ ಕಾಲು ಕೆಲಸ ಮಾಡೋದು ನೋಡಿದ್ರೆ ಆಶ್ಚರ್ಯ ಆಗತ್ತೆ. ಇಷ್ಟೂ ಹೊತ್ತು ನೀವು ದೂರ.

ಮೊಟ್ಟೆ ಬೀಳೋಕೆ ಶುರುವಾದ ಮೇಲೆ ಗಾರ್ಡ್ ಕರೆದ್ರೆ ಮಾತ್ರ ಹೋಗಿ. ಆ ಹಂತದಲ್ಲಿ ಆಮೆ ಒಂಥರಾ ಮಂಪರಲ್ಲಿರತ್ತೆ, ಸುಲಭಕ್ಕೆ ಎದ್ದು ಹೋಗಲ್ಲ. ಯಾವಾಗ್ಲೂ ಹಿಂದೆನೇ ಕೂರಿ, ಬಗ್ಗಿ, ಅದರ ಕಣ್ಣಿಗೆ ಬೀಳದ ಹಾಗೆ. ಕೆಂಪು ಬೆಳಕು ಗೂಡಿನ ಮೇಲೆ ಮಾತ್ರ, ಮುಖದ ಮೇಲೆ ಬೇಡ. ರಿಡ್ಲೆ ಒಂದು ಸಲಕ್ಕೆ ನೂರು ನೂರಿಪ್ಪತ್ತು ಮೊಟ್ಟೆ ಇಡತ್ತೆ, ಪಿಂಗ್‌ಪಾಂಗ್ ಚೆಂಡಿನಷ್ಟು ದೊಡ್ಡದು, ಮೆತ್ತಗಿರತ್ತೆ. ಕಣ್ಣಿಂದ ನೀರು ಸುರಿಯೋದು ಕಂಡು ಹೆರಿಗೆ ನೋವು ಅಂತ ಜನ ಹೇಳ್ತಾರೆ, ಅದು ಮೈಯೊಳಗಿನ ಹೆಚ್ಚುವರಿ ಉಪ್ಪನ್ನ ಹೊರಗೆ ಹಾಕೋ ಗ್ರಂಥಿಯ ಕೆಲಸ, ಸಮುದ್ರದಲ್ಲಿದ್ದಾಗಲೂ ನಡೀತಾನೇ ಇರತ್ತೆ.

ಇಟ್ಟು ಮುಗಿದ ಮೇಲೆ ಮುಚ್ಚೋಕೆ ಶುರು ಮಾಡತ್ತೆ, ರಿಡ್ಲೆ ಆದ್ರೆ ಮೈಯನ್ನ ಅಕ್ಕಪಕ್ಕ ಬಡಿದು ಮರಳು ಕುಟ್ಟತ್ತೆ. ಆಗ ನೀವು ಹಿಂದೆ ಸರೀಬೇಕು. ಅದು ಸಮುದ್ರಕ್ಕೆ ಹೋಗೋ ದಾರಿಗೆ ಯಾರೂ ಅಡ್ಡ ನಿಲ್ಲಬಾರದು, ಜೊತೆಗೆ ಮೆರವಣಿಗೆ ಥರ ನಡೆಯೋದೂ ಬೇಡ. ಫ್ಲಾಶ್ ಯಾವ ಹಂತದಲ್ಲೂ ಇಲ್ಲ. ನಾನು ಹೇಳೋದಾದ್ರೆ ಫೋನ್ ಪೂರ್ತಿ ಸ್ವಿಚ್ ಆಫ್ ಮಾಡಿ ಜೇಬಲ್ಲಿಡಿ, ಸ್ಕ್ರೀನಿನ ಬೆಳಕೇ ಸಾಕು ಕೆಡಿಸೋಕೆ.

ಒಂದು ರಾತ್ರಿ ಯಾವುದೂ ಬರದೇ ಇರಬಹುದು. ಬೆಳಿಗ್ಗೆ ಬೇಗ ಎದ್ದು ದಡದಲ್ಲಿ ಜಾಡು ನೋಡಿ, ಅದೂ ಒಂದು ಓದು. ರಿಡ್ಲೆ, ಹಾಕ್ಸ್‌ಬಿಲ್ ಎಡ ಬಲ ಕಾಲು ಒಂದಾದ ಮೇಲೊಂದು ಹಾಕ್ತವೆ, ಗುರುತು ಅಂಕುಡೊಂಕಾಗಿ ಬೀಳತ್ತೆ. ಹಸಿರು ಆಮೆ, ಲೆದರ್‌ಬ್ಯಾಕ್ ಎರಡೂ ರೆಕ್ಕೆ ಒಟ್ಟಿಗೆ ಎಳೀತವೆ, ಎರಡು ಪಕ್ಕವೂ ಸಮ. ಜಾಡು ತುಳೀಬೇಡಿ, ಗಸ್ತಿನವರು ಅದನ್ನ ನೋಡಿನೇ ಗೂಡು ಹುಡುಕೋದು.

ಹಂತ 6: ಹ್ಯಾಚರಿ ಮತ್ತು ಮರಿಗಳು

45ರಿಂದ 65 ದಿನದಲ್ಲಿ ಮೊಟ್ಟೆ ಒಡೆಯತ್ತೆ. ಮರಿ ಗಂಡಾ ಹೆಣ್ಣಾ ಅನ್ನೋದು ಮರಳಿನ ಬಿಸಿ ಮೇಲೆ: ಸುಮಾರು 29 ಡಿಗ್ರಿಗಿಂತ ಮೇಲಾದ್ರೆ ಹೆಣ್ಣು ಜಾಸ್ತಿ, ಕೆಳಗಾದ್ರೆ ಗಂಡು ಜಾಸ್ತಿ. ಅದಕ್ಕೇ ಹ್ಯಾಚರಿಗೆ ಹೋದಾಗ ನೆರಳು ಎಲ್ಲಿದೆ, ಎಷ್ಟು ಆಳಕ್ಕೆ ಹೂಳ್ತಾರೆ ಅಂತ ಕೇಳಿ, ಅಲ್ಲಿನ ಸಿಬ್ಬಂದಿ ಖುಷಿಯಿಂದ ವಿವರಿಸ್ತಾರೆ.

ಒಳ್ಳೆ ಹ್ಯಾಚರಿಯಲ್ಲಿ ಮರಿ ಹೊರಗೆ ಬಂದಷ್ಟು ಬೇಗ, ತಂಪು ಹೊತ್ತಲ್ಲಿ, ನೀರಿಗಿಂತ ಸ್ವಲ್ಪ ಹಿಂದೆ ಮರಳಲ್ಲಿ ಬಿಡ್ತಾರೆ, ಅದೇ ನಡ್ಕೊಂಡು ಹೋಗತ್ತೆ. ಮರಿಗಳನ್ನ ದಿನಗಟ್ಟಲೆ ಟ್ಯಾಂಕಲ್ಲಿ ಇಟ್ಟು ದುಡ್ಡು ತಗೊಂಡು ಕೈಗೆ ಕೊಡೋ ಕಡೆ ಹೋಗ್ಬೇಡಿ, ಬೇರೆ ದೇಶಗಳ ಬೀಚ್‌ಗಳಲ್ಲಿ ಇಂಥದ್ದು ಬೇಕಾದಷ್ಟು ಸಿಗತ್ತೆ. ಹುಟ್ಟಿದ ಮರಿಗೆ ಹೊಟ್ಟೆಯಲ್ಲಿ ಉಳಿದಿರೋ ಹಳದಿ ಲೋಳೆನೇ ಶಕ್ತಿ, ಮೊದಲ ಒಂದು ದಿನ ಅದು ಬಿಡುವಿಲ್ಲದೆ ಈಜಿ ದಡದ ಬೇಟೆ ಮೀನುಗಳಿಂದ ದೂರ ಹೋಗ್ಬೇಕು. ಆ ಶಕ್ತಿ ಟ್ಯಾಂಕಿನ ಗೋಡೆಗೆ ಗುದ್ದಿ ಖಾಲಿ ಆದ್ರೆ ಆಮೇಲೆ ಸಮುದ್ರಕ್ಕೆ ಬಿಟ್ರೂ ಅದಕ್ಕೆ ಆಗಲ್ಲ.

ನಮ್ಮ ಕರಾವಳಿಯವರು ಇದಕ್ಕೆ ಅಂಡಮಾನ್‌ಗೇ ಹೋಗ್ಬೇಕಾಗಿಲ್ಲ, ಹೊನ್ನಾವರ, ಕಾರವಾರ, ಕುಂದಾಪುರ ಕಡೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಮೊಟ್ಟೆ ಇಡತ್ತೆ, ಮೀನುಗಾರರೂ ಅರಣ್ಯ ಇಲಾಖೆಯವರೂ ಸೇರಿ ಗೂಡು ಕಾಯ್ತಾರೆ. ನಿಯಮ ಎಲ್ಲಾ ಇದೇ.

ಹಂತ 7: ಅನಿರೀಕ್ಷಿತವಾಗಿ ಏನಾದ್ರೂ ಕಂಡ್ರೆ, ಮತ್ತೆ ವಾಪಸ್ ಬರುವಾಗ

ದಡದಲ್ಲಿ ಸುಸ್ತಾದ ಆಮೆ ಬಿದ್ದಿದ್ರೆ ಪಾಪ ಅಂತ ನೀರಿಗೆ ನೂಕ್ಬೇಡಿ, ಶ್ವಾಸಕೋಶದ ತೊಂದ್ರೆಯಿಂದಾನೇ ದಡಕ್ಕೆ ಬಂದಿರಬಹುದು, ನೀರಲ್ಲಿ ಮುಳುಗಿ ಸಾಯತ್ತೆ. ನೆರಳು ಮಾಡಿ, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗು ಮುಚ್ಚಬೇಡಿ, ನಾಯಿ ಓಡಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಿಸಿ. ಬಲೆ ಸುತ್ತಿದ್ರೂ ಅಷ್ಟೇ, ಅರ್ಧ ಕತ್ತರಿಸಿ ಬಿಟ್ರೆ ಉಳಿದ ಹಗ್ಗ ರೆಕ್ಕೆಯನ್ನ ಕೊಯ್ಯತ್ತೆ. ಹಗಲಲ್ಲಿ ದಾರಿ ತಪ್ಪಿದ ಮರಿ ಸಿಕ್ರೆ ಬಕೆಟ್ ನೀರಿಗೆ ಹಾಕ್ಬೇಡಿ, ಈಜಿ ಈಜಿ ಸುಸ್ತಾಗತ್ತೆ, ಸ್ವಲ್ಪ ಒದ್ದೆ ಮರಳಿರೋ ಡಬ್ಬದಲ್ಲಿ ನೆರಳಲ್ಲಿಟ್ಟು ಸಿಬ್ಬಂದಿಗೆ ಕೊಡಿ.

ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಅಂದ್ರೆ ಹುಲಿಗಿರೋ ರಕ್ಷಣೆನೇ ಇವಕ್ಕೂ. ಹಿಡಿಯೋದು, ಮೊಟ್ಟೆ ತೆಗೆಯೋದಕ್ಕೆಲ್ಲ 3ರಿಂದ 7 ವರ್ಷ ಜೈಲು. ಆಮೆ ಚಿಪ್ಪಿನ ಬಳೆ, ಬಾಚಣಿಗೆ ಅಂತ ಎಲ್ಲೇ ಮಾರಿದ್ರೂ ತಗೋಬೇಡಿ, ಹಾಕ್ಸ್‌ಬಿಲ್ ಸಂಖ್ಯೆ ಇಷ್ಟು ಇಳಿಯೋಕೆ ಆ ವ್ಯಾಪಾರನೇ ದೊಡ್ಡ ಕಾರಣ. ದಡದಲ್ಲಿ ಸಿಕ್ಕ ಸತ್ತ ಹವಳದ ಚೂರೂ ಬ್ಯಾಗಿಗೆ ಹಾಕ್ಬೇಡಿ, ಏರ್‌ಪೋರ್ಟಲ್ಲಿ ಸ್ಕ್ಯಾನ್ ಮಾಡುವಾಗ ತೆಗೆಸ್ತಾರೆ.

ಫೋಟೋ ಹಾಕುವಾಗ ದ್ವೀಪದ ಹೆಸರು ಸಾಕು, ಗೂಡಿರೋ ದಡದ ಲೊಕೇಶನ್ ಟ್ಯಾಗ್ ಮಾಡ್ಬೇಡಿ. ಗೂಡಿನ ಫೋಟೋ ಇದ್ರೆ ಅದನ್ನ ಪೋಸ್ಟ್ ಮಾಡೋದ್ರ ಬದಲು, ತಾರೀಖು ಗಂಟೆ ಬರೆದು ಕಾಲಿಪುರ್‌ನ ಗಾರ್ಡ್‌ಗೆ ಕಳಿಸಿ, ಅವರ ರಿಜಿಸ್ಟರಿಗೆ ಅದು ಬೇಕಾಗಿರತ್ತೆ.